ಕಲ್ಲು ಎನ್ನಬೇಕಾಗಿದ್ದ ಗಂಡ

೧

ಈ ಕತೆಯನ್ನು ಅವಳು ಬಿದ್ದಲ್ಲಿಂದ ಶುರುಮಾಡಬೇಕೋ ಎದ್ದಲ್ಲಿಂದಲೋ ಎನ್ನುವುದು ನನಗಿನ್ನೂ ಬಗೆಹರಿದಿಲ್ಲ. ಬಿದ್ದಲ್ಲಿಂದ ಶುರುಮಾಡಿದರೆ ನೀವು ಮೊದಲ ಸಾಲಿನಲ್ಲೇ ಗಂಡನ ಕಡೆ ಹುಬ್ಬೇರಿಸುತ್ತೀರಿ. ಎದ್ದಲ್ಲಿಂದ ಶುರುಮಾಡಿದರೆ ‘ಛಲಗಾತಿ ಕಣ್ರೀ’ ಎಂದು ಚಪ್ಪಾಳೆ ತಟ್ಟಿ ಪುಟ ಮಗುಚುತ್ತೀರಿ. ಎರಡೂ ಬೇಡ. ಅವನ ಕೆಲಸದಿಂದ ಶುರುಮಾಡುತ್ತೇನೆ.

ಅವನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಸಾಲಾಗಿ ಕೂತವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಹತ್ತಿಯಿಂದ ಒರೆಸಿ, ಬೆರಳ ತುದಿಯಲ್ಲಿ ನರ ಹುಡುಕಿ, “ಈಗ ಸ್ವಲ್ಪ ಚುಚ್ಚುತ್ತೆ” ಎನ್ನುತ್ತಾನೆ. ಅವನ ಕೈಗುಣವೆಲ್ಲ ಆ ಮಾತನ್ನು ಯಾವಾಗ ಹೇಳುತ್ತಾನೆ ಎನ್ನುವುದರಲ್ಲಿದೆ. ಬೇಗ ಹೇಳಿದರೆ ಜನ ಹೆದರಿ ತೋಳು ಬಿಗಿ ಹಿಡಿಯುತ್ತಾರೆ. ತಡವಾಗಿ ಹೇಳಿದರೆ ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ. ಸೂಜಿ ಚರ್ಮಕ್ಕೆ ತಾಗುವ ಒಂದು ಉಸಿರಿನಷ್ಟು ಮುಂಚೆ ಹೇಳಬೇಕು. ಇಷ್ಟು ವರ್ಷಗಳಲ್ಲಿ ಅವನು ಆ ಉಸಿರನ್ನು ತಪ್ಪಿಸಿದವನಲ್ಲ. ಅಳುವ ಮಕ್ಕಳನ್ನು ನರ್ಸುಗಳು ಅವನ ಕುರ್ಚಿಗೇ ಕಳಿಸುತ್ತಾರೆ.

(ಮೊದಲ ಕರಡಿನಲ್ಲಿ ಇವನನ್ನು ಕನ್ನಡಕದ ಅಂಗಡಿಯವನನ್ನಾಗಿ ಮಾಡಿದ್ದೆ. ಹೆಂಡತಿಗೆ ಕಣ್ಣಿಲ್ಲ, ಗಂಡ ಕನ್ನಡಕ ಮಾರುತ್ತಾನೆ! ಏನು ಹೊಳೆಯಿತಪ್ಪಾ ಎಂದು ಇಡೀ ದಿನ ಬೀಗಿದೆ. ಮರುದಿನ ಓದಿ ಮುಖ ಬಿಸಿಯಾಗಿ ಹರಿದುಹಾಕಿದೆ. ಈ ಕತೆಯಲ್ಲಿ ನಾಚಿಕೆಪಡಬೇಕಾದವನು ಅವನು. ಜೊತೆಗೆ ನಾನೂ ಏಕೆ?)

೨

ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಅವನ ಹೆಂಡತಿಗೆ ಕೆಲಸ. ಡಾಕ್ಟರುಗಳು ರೋಗಿಗಳ ಬಗ್ಗೆ ಗಡಿಬಿಡಿಯಲ್ಲಿ ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿಕೊಂಡು ಟೈಪ್ ಮಾಡುತ್ತಾಳೆ. ಹೈಸ್ಕೂಲಿನಲ್ಲಿದ್ದಾಗ ಬಂದ ಜ್ವರ ಅವಳ ಕಣ್ಣು ತೆಗೆದುಕೊಂಡು ಹೋಯಿತು. ಅಲ್ಲಿಯವರೆಗೆ ಶಾಲೆಯಲ್ಲಿ ಅವಳನ್ನು ಓಡಿ ಹಿಡಿದವರಿರಲಿಲ್ಲ. ಯಾವ ಡಾಕ್ಟರು ಮನೆಯಲ್ಲಿ ಜಗಳ ಆಡಿಕೊಂಡು ಬಂದಿದ್ದಾರೆ, ಯಾವ ಡಾಕ್ಟರಿಗೆ ತಾನು ಹೇಳುತ್ತಿರುವುದರ ಮೇಲೆ ತನಗೇ ನಂಬಿಕೆಯಿಲ್ಲ ಎನ್ನುವುದು ಅವಳಿಗೆ ಗಂಟಲು ಕೇಳಿದರೆ ತಿಳಿಯುತ್ತದೆ. ರಿಪೋರ್ಟೊಂದರ ನೆಪ ಮಾಡಿಕೊಂಡು ಇವನು ಮಹಡಿ ಹತ್ತಿ ಹೋದ ಮೊದಲ ದಿನವೇ, “ರಿಪೋರ್ಟು ಸರಿಯಾಗೇ ಇದೆ ಅಂತ ನಿಮಗೂ ಗೊತ್ತು. ಕೂತ್ಕೊಳ್ಳಿ” ಎಂದಿದ್ದಳು. ಅವನು ಕೂತ. ಮದುವೆಯಾದರು.

ಓಟ ಶುರುವಾದದ್ದು ಅವನಿಂದ. ತನ್ನ ಲ್ಯಾಬಿನಲ್ಲೇ ತನ್ನ ಸಕ್ಕರೆ ನೋಡಿಕೊಂಡು ಹೌಹಾರಿ, ಬೆಳಿಗ್ಗೆ ಮೈದಾನಕ್ಕೆ ಓಡಲು ಹೊರಟ. “ನಾನೂ ಬರ್ತೀನಿ” ಎಂದಳು. “ನೀನು ಹೇಗೆ?” ಎಂದ. “ನೀವಿಲ್ವಾ?” ಎಂದಳು. ಒಂದು ಗೇಣು ಹಗ್ಗ ತಂದರು. ಒಂದು ತುದಿಯ ಕುಣಿಕೆ ಅವಳ ಎಡಗೈಗೆ, ಇನ್ನೊಂದು ಅವನ ಬಲಗೈಗೆ. ಅವನು ಅವಳನ್ನು ಎಳೆಯುವಂತಿಲ್ಲ, ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಪಕ್ಕದಲ್ಲಿದ್ದು ಬಾಯಲ್ಲಿ ಹೇಳಬೇಕು: ಎಡ. ಬಲ. ಇಳಿಜಾರು. ಕಲ್ಲು.

ಆ ‘ಕಲ್ಲು’ ಇದ್ದದ್ದು ಮೈದಾನದ ಹೊರಗಿನ ದಾರಿಯಲ್ಲಿ. ಚರಂಡಿ ಮುಚ್ಚಲು ಹಾಕಿದ್ದ ಚಪ್ಪಡಿಯೊಂದು ನೆಲದಿಂದ ಎದ್ದು ನಿಂತಿತ್ತು. ಅದಕ್ಕೆ ಎರಡು ಹೆಜ್ಜೆ ಮುಂಚೆ ಅವನು “ಕಲ್ಲು” ಎನ್ನುವುದು, ಅವಳು ಕಾಲೆತ್ತಿ ದಾಟುವುದು ದಿನದ ಪಾಠವಾಗಿತ್ತು.

ಆ ದಿನಗಳ ಬಗ್ಗೆ ಇನ್ನೂ ಬರೆಯಬಹುದು, ಆದರೆ ಸುಖವಾಗಿದ್ದವರ ಬಗ್ಗೆ ಉದ್ದ ಬರೆದರೆ ನೀವು ಆಕಳಿಸುತ್ತೀರಿ. ಒಂದು ಮಾತು ಸಾಕು. ರಸ್ತೆಯಲ್ಲಿ ಹೋಗುವವರು ಹಗ್ಗ ನೋಡಿ, “ಎಂಥಾ ಗಂಡ!” ಎನ್ನುತ್ತಿದ್ದರು. ಅವನಿಗೆ ಅದು ಕೇಳಿಸುತ್ತಿತ್ತು. ಕೇಳಿಸುವುದು ಅವನಿಗೆ ಇಷ್ಟವೂ ಆಗುತ್ತಿತ್ತು.

೩

ಎರಡನೇ ವರ್ಷಕ್ಕೆ ಅವಳು ಅವನಿಗಿಂತ ಚುರುಕಾದಳು. ಅವಳು ಹೇಳಲಿಲ್ಲ. ಅವನ ಏದುಸಿರು ಕೇಳಿದ ಕೂಡಲೇ, ಯಾರೂ ಗಮನಿಸದಷ್ಟು ನಯವಾಗಿ ತನ್ನ ಓಟ ತಗ್ಗಿಸುತ್ತಿದ್ದಳು. ಅದನ್ನು ಗಮನಿಸಿದವನು ಹೊರಗಿನವನು.

ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುವ ಯುವಕ. ಅದೇ ಮೈದಾನದಲ್ಲಿ ದಿನವೂ ಓಡುತ್ತಿದ್ದ. ಒಂದು ಬೆಳಿಗ್ಗೆ ಪಕ್ಕಕ್ಕೆ ಬಂದು, “ಅಕ್ಕ, ನಿಮಗಿನ್ನೂ ತುಂಬಾ ಸ್ಪೀಡ್ ಇದೆ. ಭಾವನ ಉಸಿರಿಗೋಸ್ಕರ ಹಿಡ್ಕೊಂಡು ಓಡ್ತಿದೀರ” ಎಂದ. ದೊಡ್ಡ ರೇಸೊಂದರ ಆಯ್ಕೆ ಸ್ಪರ್ಧೆ ಬರುತ್ತಿತ್ತು. ಬೇಕಾದರೆ ತಾನು ಜೊತೆಗೆ ಓಡುತ್ತೇನೆ, ತನಗೇನೂ ಬೇಡ ಎಂದ.

ನಮ್ಮವನು ಏನು ಮಾಡಿದ ಗೊತ್ತೇ? ಸ್ವಂತ ಕೈಯಿಂದ ಕುಣಿಕೆ ಬಿಚ್ಚಿ ಫೈರ್‌ನವನ ಕೈಗೆ ಹಾಕಿದ. “ತಗೊಳ್ಳಪ್ಪ, ನೋಡೋಣ” ಎಂದ. ನಗುತ್ತಲೇ ಎಂದ. ಅದು ಪ್ರೀತಿಯೇ. ಅದರಲ್ಲಿ ನನಗೆ ಅನುಮಾನವಿಲ್ಲ. ಬೆಂಚಿನ ಮೇಲೆ ಕೂತು ಅವಳು ನಿಜವಾಗಿ ಓಡುವುದನ್ನು ಮೊದಲ ಸಲ ನೋಡಿದ. ಕಣ್ಣು ತುಂಬಿತು. ಎರಡನೇ ಸುತ್ತಿನಲ್ಲಿ, ಮೈದಾನದ ಆಚೆ ತುದಿಯಿಂದ, ಅವಳು ನಕ್ಕದ್ದು ಕೇಳಿಸಿತು.

ಓಡುತ್ತಾ ನಗುವುದು! ತನ್ನ ಜೊತೆ ಓಡುವಾಗ ಅವಳು ಯಾವತ್ತೂ ನಕ್ಕಿರಲಿಲ್ಲ. ನಗಿಸಲು ಅವನಲ್ಲಿ ಉಸಿರೇ ಉಳಿದಿರುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಅದು ಬೀದಿ ಜಗಳದ ಹೊಟ್ಟೆಕಿಚ್ಚಾಗಿದ್ದರೆ ಅವನಿಗೂ ಸುಲಭವಿತ್ತು, ನನಗೂ ಸುಲಭವಿತ್ತು. ಅಕ್ಕ ಎಂದು ಕರೆಯುವವನ ಮೇಲೆ, ತನಗೆ ಭಾವ ಎನ್ನುವವನ ಮೇಲೆ ಯಾವ ಬಾಯಲ್ಲಿ ಅನುಮಾನಪಡುವುದು? ಅನುಮಾನ ಇರಲೂ ಇಲ್ಲ. ಇದ್ದದ್ದು ಇಷ್ಟೇ: ಅವರಿಬ್ಬರ ಹೆಜ್ಜೆ ನೆಲಕ್ಕೆ ಬೀಳುವ ಸದ್ದು ಒಂದೇ ಆಗಿತ್ತು. ಲ್ಯಾಬಿನಲ್ಲಿ ಯಾರದೋ ತೋಳಿಗೆ ಪಟ್ಟಿ ಕಟ್ಟುವಾಗ ಅವನ ಕಿವಿಯಲ್ಲಿ ಆ ಸದ್ದು. ಇಂಥದ್ದಕ್ಕೂ ಹೊಟ್ಟೆಕಿಚ್ಚು ಪಡುವವನಿದ್ದಾನೆಯೇ ಎಂದು ತನ್ನ ಮೇಲೆ ತನಗೇ ಹೇಸಿಗೆ. ಮನೆಗೆ ಹೋಗಿ, “ಇವತ್ತು ಹೇಗೆ ಓಡಿದ್ರಿ?” ಎಂದು ಅಕ್ಕರೆಯಿಂದ ಕೇಳುತ್ತಿದ್ದ. ಅವಳು ಅಷ್ಟೇ ಅಕ್ಕರೆಯಿಂದ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

೪

ಈಗ ಬೀಳುವುದನ್ನು ಬರೆಯಬೇಕು. ಮೂರು ಸಲ ಬರೆದಿದ್ದೇನೆ.

ಮೊದಲ ಸಲ ಹೀಗೆ ಬರೆದೆ: ವಾರಕ್ಕೊಮ್ಮೆಯಾದರೂ ಹಳೆಯ ಹಾಗೆ ಗಂಡ ಹೆಂಡತಿ ಇಬ್ಬರೇ ಓಡುತ್ತಿದ್ದರು. ಅಂಥ ಒಂದು ಬೆಳಿಗ್ಗೆ ದಾರಿಗೆ ಅಡ್ಡ ನಾಯಿಯೊಂದು ನುಗ್ಗಿತು. ಅವನು ಅತ್ತ ತಿರುಗಿದ. ಕಲ್ಲು ಎನ್ನುವುದು ತಪ್ಪಿಹೋಯಿತು.

ಬರೆದು ಮುಗಿಸುವುದರಲ್ಲಿ ಅವನೇ ಎದುರು ಬಂದು ನಿಂತ. “ನಾಯಿ ಇರ್ಲಿಲ್ಲ ಮೇಡಂ.”

“ಇದ್ದರೆ ನಿನಗೇ ಒಳ್ಳೇದಲ್ವೇನಪ್ಪಾ? ಓದುವವರು ನಿನ್ನನ್ನ ಮೆಚ್ಚಬೇಕು.”

“ಎಲ್ಲರೂ ಮೆಚ್ಚಿ ಮೆಚ್ಚಿಯೇ ನಾನು ಹೀಗಾಗಿರೋದು. ನಾಯಿ ತೆಗೀರಿ.”

ತೆಗೆದೆ. ಎರಡನೇ ಸಲ ಸಿಟ್ಟಿನಲ್ಲಿ ಅವನನ್ನು ಪೂರ್ತಿ ಖಳನನ್ನಾಗಿ ಮಾಡಿದೆ. ಹಿಂದಿನ ಸಂಜೆಯೇ ಲೆಕ್ಕ ಹಾಕಿ, ಬೇಕೆಂದೇ ಬಾಯಿ ಮುಚ್ಚಿಕೊಂಡ ಎಂದು. ಈ ಸಲ ಅವಳು ನಕ್ಕಳು. “ಅವರಿಗೆ ಅಷ್ಟೆಲ್ಲ ಧೈರ್ಯ ಎಲ್ಲಿಂದ ಬರ್ಬೇಕು? ಸೊಳ್ಳೆ ಹೊಡೆಯೋಕೂ ನನ್ನನ್ನೇ ಕರೀತಾರೆ. ನಡೆದದ್ದನ್ನ ಬರೀರಿ.”

ನಡೆದದ್ದು ಇದು.

ಆಯ್ಕೆ ಸ್ಪರ್ಧೆಗೆ ಕೆಲವೇ ದಿನ ಉಳಿದಿತ್ತು. ಆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೇ ಓಡುತ್ತಿದ್ದರು. ಅವಳು ಖುಷಿಯಲ್ಲಿದ್ದಳು, ಮಾತಾಡುತ್ತಿದ್ದಳು. ಮೈದಾನದ ಮೂಲೆ ತಿರುಗಿ ಹೊರದಾರಿಗೆ ಬಿದ್ದಾಗ ಹೇಳಿದಳು: “ರೀ, ಅವನು ಕಲ್ಲು ಅನ್ನಲ್ಲ ಗೊತ್ತಾ? ‘ಹಾರಿ’ ಅಂತಾನೆ. ಕಲ್ಲು ಅಂದ್ರೆ ನಾನು ಕಲ್ಲಿನ ಬಗ್ಗೆ ಯೋಚನೆ ಮಾಡ್ತೀನಿ. ಹಾರಿ ಅಂದ್ರೆ ಸುಮ್ನೆ ಹಾರ್ತೀನಿ. ಎಷ್ಟು ಸಲೀಸು ನೋಡಿ!”

ಚಪ್ಪಡಿ ಎದುರಿಗೇ ಇತ್ತು. ಅವನು ನೋಡಿದ. ಬಾಯಿ ತೆರೆದ. ಕಲ್ಲು ಎನ್ನಬೇಕೋ ಹಾರಿ ಎನ್ನಬೇಕೋ? ಹಾರಿ ಎಂದರೆ ಅದು ಫೈರ್‌ನವನ ಮಾತು. ಕಲ್ಲು ಎಂದರೆ ಅದು ಈಗ ತಾನೇ ಅವಳು ಬೇಡ ಎಂದ ಮಾತು. ನಾಲಿಗೆಯ ತುದಿಯಲ್ಲಿ ಎರಡೂ ಇದ್ದವು. ಅದರ ಹಿಂದೆ ಮೂರನೆಯದು ಒಂದಿತ್ತೇ, ಏನೂ ಹೇಳದೆ ಇರೋಣ ಎನ್ನುವುದು? ಆ ಒಂದು ಉಸಿರಿನಲ್ಲಿ ಯಾವುದು ಯಾವುದನ್ನು ತಡೆಯಿತು ಎನ್ನುವುದನ್ನು ಅವನು ಅಂದಿನಿಂದ ಅಗೆಯುತ್ತಲೇ ಇದ್ದಾನೆ. ನಾನೂ ಅಗೆದಿದ್ದೇನೆ. ಅವಳ ಕಾಲು ಎಡವಿತು. ಕೈಯೂರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

“ಕಲ್ಲು” ಎಂದ ಅವನು, ಆಮೇಲೆ.

೪ (ಇನ್ನೂ ಮುಗಿದಿಲ್ಲ)

ನೆಲದ ಮೇಲೆ ಕೂತು, ಗಲ್ಲದಿಂದ ರಕ್ತ ಸುರಿಯುತ್ತಿದ್ದಾಗ ಅವಳು ಕೇಳಿದ್ದು ಒಂದೇ. “ನೋಡ್ಲಿಲ್ವಾ?”

“ನೋಡ್ಲಿಲ್ಲ ಕಣೇ.”

ದಿನವೂ ರಕ್ತ ನೋಡುವವನು ಅವಳ ಗಲ್ಲಕ್ಕೆ ಕರ್ಚೀಫು ಒತ್ತಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದ. ಅದನ್ನು ನೋಡಿದ ದಾರಿಹೋಕರು ಅವನಿಗೇ ನೀರು ಕುಡಿಸಿದರು.

೫

ನಾಚಿಕೆಗೆ ಬೈಗುಳ ಸಿಕ್ಕರೆ ಸ್ವಲ್ಪ ಹಗುರವಾಗುತ್ತದೆ. ಅವನಿಗೆ ಸಿಕ್ಕಿದ್ದು ಹೊಗಳಿಕೆ. ಅವಳ ತಾಯಿ ಬ್ಯಾಗು ಹಿಡಿದು ಬಂದವರು ಅಳಿಯನನ್ನು ನೋಡಿ ಮಗಳಿಗಿಂತ ಮೊದಲು ಅವನಿಗಾಗಿ ಅತ್ತರು. “ಅಳಿಯಂದ್ರೇ, ನೀವಿಲ್ದೇ ಹೋಗಿದ್ರೆ ನನ್ನ ಮಗಳು ಅಲ್ಲೇ ಬಿದ್ದಿರ್ತಿದ್ಲು.”

“ಅತ್ತೆ, ನಾನು ಜೊತೇಲಿ ಇದ್ದಾಗ್ಲೇ ಬಿದ್ದದ್ದು.”

“ಅದೇ ಹೇಳ್ತಿರೋದು. ನೀವಿದ್ರಿ.”

ಫೈರ್‌ನವನು ಹಣ್ಣು ತಂದ. ಅವನೂ ಅಷ್ಟೇ. “ಭಾವ, ಆ ದರಿದ್ರ ಚಪ್ಪಡಿ ನನಗೂ ಎಷ್ಟೋ ಸಲ ಕಾಣಲ್ಲ. ನೀವು ಬೇಜಾರ್ ಮಾಡ್ಕೋಬೇಡಿ” ಎಂದು ಅವನ ಭುಜ ಹಿಡಿದ. ಆ ಕೈಯನ್ನು ಕೊಡವಿಕೊಳ್ಳಲೂ ಆಗದೆ, ಹಾಗೇ ಇರಲಿ ಎನ್ನಲೂ ಆಗದೆ ನಮ್ಮವನು ಹಣ್ಣು ತೊಳೆದುಕೊಂಡು ಬರುತ್ತೇನೆಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ.

ಆಯ್ಕೆ ಸ್ಪರ್ಧೆ ಬಂತು, ಹೋಯಿತು. ಅವಳ ಕೈ ಬ್ಯಾಂಡೇಜಿನಲ್ಲಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಅವನನ್ನು ನೀವು ಕ್ಷಮಿಸಿಬಿಡುತ್ತಿದ್ದಿರೇನೋ. ಆದರೆ ಮುಂದಿನದನ್ನು ಹೇಳಿ ಎಂದು ಅವನೇ ಪೀಡಿಸುತ್ತಿದ್ದಾನೆ. ಆ ವಾರಗಳಲ್ಲಿ ಅವನು ರಜೆ ಹಾಕಿದ. ಅವಳ ತಲೆ ಬಾಚಿದ. ಒಂದು ಕೈಯಲ್ಲಿ ಅವಳಿಗೆ ಜಡೆ ಹೆಣೆದುಕೊಳ್ಳಲು ಆಗುವುದಿಲ್ಲವಲ್ಲ. ಗುಂಡಿ ಹಾಕಿದ. ಬ್ರೆಡ್ಡಿಗೆ ಬೆಣ್ಣೆ ಸವರಿ ಕೈಗಿತ್ತ. ಕಿಟಕಿಯ ಹತ್ತಿರ ಕೂರಿಸಿ ಬೀದಿಯಲ್ಲಿ ಯಾರು ಹೋಗುತ್ತಿದ್ದಾರೆ, ಯಾರ ಕೊಡೆ ಯಾವ ಬಣ್ಣ, ಎದುರು ಮನೆಯವರು ಯಾಕೆ ಸೋಫಾ ಹೊರಗೆ ಹಾಕಿದ್ದಾರೆ ಎಂದು ಹೇಳಿದ. ಅವಳಿಗೆ ಅವನ ಕಣ್ಣಲ್ಲಿ ಊರು ನೋಡುವುದು ಮೊದಲಿನಿಂದಲೂ ಅಭ್ಯಾಸ. ಸಣ್ಣ ಸಣ್ಣದಕ್ಕೂ “ರೀ” ಎಂದು ಕರೆದಳು. ಪ್ರತಿ ಸಲವೂ ಅವನು ಓಡಿ ಹೋದ. ಒಂದು ಮಧ್ಯಾಹ್ನ ಅವಳ ಕೂದಲಿನ ಸಿಕ್ಕು ಬಿಡಿಸುತ್ತಿರುವಾಗ ಯಾರೋ ಗುನುಗುತ್ತಿರುವುದು ಅವನಿಗೆ ಕೇಳಿಸಿತು. ರೇಡಿಯೋ ಹಾಕಿರಲಿಲ್ಲ. ಗುನುಗುತ್ತಿದ್ದವನು ತಾನೇ.

ಬಾಚಣಿಗೆ ಹಿಡಿದ ಕೈ ನಿಂತಿತು. ತಾನು ಸುಖವಾಗಿದ್ದೇನೆ! ಮದುವೆಯಾದ ಹೊಸತರಲ್ಲೂ ಇಷ್ಟು ಸುಖವಾಗಿರಲಿಲ್ಲ. ಅವಳ ಮೂಳೆ ಮುರಿದದ್ದರಿಂದ ಬಂದ ಸುಖ. ಕನ್ನಡಿಯಲ್ಲಿ ತನ್ನ ಮುಖ ಕಂಡು ಪಕ್ಕಕ್ಕೆ ಸರಿದು ನಿಂತ. ಆ ಕೋಣೆಯಲ್ಲಿ ಅವನನ್ನು ನೋಡಲು ಬೇರೆ ಯಾರೂ ಇರಲಿಲ್ಲ.

“ಯಾಕೆ ನಿಲ್ಸಿದ್ರಿ?” ಎಂದಳು ಅವಳು.

“ಸಿಕ್ಕು.”

“ಬಾಚೋದಲ್ಲ. ಹಾಡೋದು.”

(ಇಲ್ಲಿ ನಾನೂ ಪೆನ್ನು ಕೆಳಗಿಟ್ಟೆ. ಒಬ್ಬ ಮನುಷ್ಯನನ್ನು ಇಷ್ಟು ಹತ್ತಿರದಿಂದ ನೋಡುವುದು ಮರ್ಯಾದಸ್ಥರ ಕೆಲಸವಲ್ಲ. ಟೀ ಮಾಡಿಕೊಂಡು ಬಂದೆ. ಸಕ್ಕರೆ ಮರೆತಿದ್ದೆ.)

೬

ಬ್ಯಾಂಡೇಜು ಬಿಚ್ಚಿದ ದಿನ ಡಾಕ್ಟರು, “ಇನ್ನು ಓಡಬಹುದು” ಎಂದರು. ಅವಳು ಕೂತಲ್ಲೇ ಕಾಲು ಕುಣಿಸಿದಳು. ಅವನಿಗೆ ಮೊದಲು ಆದದ್ದು ನಿರಾಸೆ. ಸಂತೋಷ ಆಮೇಲೆ ಬಂತು, ನಿಜವಾದದ್ದೇ ಬಂತು, ಆದರೆ ಎರಡನೆಯದಾಗಿ ಬಂತು. ಅಷ್ಟು ಸಾಕಾಯಿತು. ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ ಎಂದುಕೊಂಡ.

ಸಂಜೆ ಅಡುಗೆಮನೆಯ ಮೇಜಿನ ಎದುರುಬದುರು ಕೂತಿದ್ದರು. ಅವಳು ಬಟಾಣಿ ಸುಲಿಯುತ್ತಿದ್ದಳು, ಮಣಿಕಟ್ಟಿಗೆ ವ್ಯಾಯಾಮವಾಗಲಿ ಎಂದು.

“ಅವತ್ತು...” ಎಂದ.

“ಬೇಡ” ಎಂದಳು.

“ನೀನು ಕೇಳು. ಅವತ್ತು ನಾನು...”

“ಬೇಡ ಅಂದೆ. ನೀವು ಹೇಳಿದ್ರೆ ನಾನು ಕ್ಷಮಿಸ್ಬೇಕು, ಇಲ್ಲ ನಿಮ್ಮನ್ನ ಬಿಡ್ಬೇಕು. ಎರಡಕ್ಕೂ ಈಗ ಪುರುಸೊತ್ತಿಲ್ಲ. ಇನ್ನೊಂದು ಆಯ್ಕೆ ಬರ್ತಿದೆ, ನಾನು ಓಡ್ಬೇಕು.”

ಇನ್ನೊಂದು ಹಿಡಿ ಬಟಾಣಿ ಸುಲಿದು ಬಟ್ಟಲಿಗೆ ಹಾಕಿದಳು. ಆಮೇಲೆ ಅವಳೇ ಶುರುಮಾಡಿದಳು, ತಲೆ ಎತ್ತದೆ.

“ಕಲ್ಲಿಗೆ ಮುಂಚೆ ನಿಮ್ಮ ಕೈ ಬಿಗಿಯಾಯ್ತು. ಹಗ್ಗದಲ್ಲಿ ಗೊತ್ತಾಯ್ತು ನಂಗೆ.”

ಅವನು ಕುರ್ಚಿಯ ಅಂಚು ಹಿಡಿದ.

“ನಿಲ್ಬಹುದಿತ್ತು ನಾನು. ಹೇಳ್ತಾರೋ ಇಲ್ವೋ ನೋಡೋಣ ಅಂತ ಓಡ್ದೆ. ಮಾತು ಆಡಿದ್ದೂ ಬೇಕಂತ್ಲೇ ಇರ್ಬೇಕು, ಆ ಹಾರಿ ಗೀರಿ ಎಲ್ಲ. ನಿಮ್ಮನ್ನ ಸ್ವಲ್ಪ ಉರಿಸೋಣ ಅಂತ. ಕೈ ಮುರಿಯುತ್ತೆ ಅಂದ್ಕೊಂಡಿರ್ಲಿಲ್ಲ.” ಅವಳ ಮುಖ ಕೆಂಪಾಗಿತ್ತು. “ಅಮ್ಮ ನಿಮ್ಮನ್ನ ದೇವರು ಅಂದಾಗೆಲ್ಲ ನಂಗೂ ಒಳಗೆ ಹೇಗ್ಹೇಗೋ ಆಗ್ತಿತ್ತು. ಸಾಕು ಬಿಡಿ. ಆ ಸಿಪ್ಪೆ ಈಕಡೆ ಕೊಡಿ.”

ಅವನು ಸಿಪ್ಪೆಯ ತಟ್ಟೆ ಸರಿಸಿದ. ಅವಳು ಹೇಳಿದ್ದು ನಿಜವೋ, ಅವನ ನಾಚಿಕೆಯ ಭಾರವನ್ನು ಅರ್ಧ ಹೊರಲೆಂದು ಆ ಗಳಿಗೆಯಲ್ಲಿ ಕಟ್ಟಿ ಹೇಳಿದ್ದೋ? ಅವನು ಅವಳ ಮುಖವನ್ನೇ ನೋಡಿದ. ದಿನವಿಡೀ ಗಂಟಲು ಕೇಳಿ ಜನರನ್ನು ಓದುವವಳಿಗೆ ತನ್ನ ಗಂಟಲನ್ನು ಅಡಗಿಸುವುದೂ ಗೊತ್ತಿರುತ್ತದೆ. ನಾನು ಅವಳನ್ನೇ ಕೇಳಿದೆ. ಅವಳು, “ಮೇಡಂ, ನೀವು ನಿಮ್ಮ ಗಂಡನ ಹತ್ತಿರ ಎಲ್ಲ ನಿಜ ಹೇಳ್ತೀರಾ?” ಎಂದು ತಿರುಗಿ ಕೇಳಿದಳು. ವಿಷಯ ಬದಲಿಸಿದೆ.

೭, ಅಥವಾ ಮುಕ್ತಾಯಗಳ ಸಂತೆ

ಒಂದು ಮುಕ್ತಾಯ: ಅವಳು ಎರಡನೇ ಆಯ್ಕೆಯಲ್ಲಿ ಗೆಲ್ಲುತ್ತಾಳೆ. ಮೈದಾನದ ಅಂಚಿನಲ್ಲಿ ಗಂಡ ಬಿಕ್ಕಿ ಬಿಕ್ಕಿ ಅಳುತ್ತಾ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಾನೆ. ಬರೆದು ನೋಡಿದೆ. ಧ್ವನಿವರ್ಧಕದ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ.

ಇನ್ನೊಂದು: ಅವಳು ಫೈರ್‌ನವನ ಜೊತೆ ಹೊರಟುಹೋಗುತ್ತಾಳೆ. ಇದನ್ನು ಬರೆಯುತ್ತಿದ್ದಾಗ ಫೈರ್‌ನವನು ಹೆಲ್ಮೆಟ್ಟನ್ನೂ ತೆಗೆಯದೆ ಬಂದ. “ನಾನು ಅಕ್ಕ ಅಂತ ಕರೀತೀನಿ. ಮುಂದಿನ ತಿಂಗಳು ನನ್ನ ಮದುವೆ. ನಿಮ್ಮ ತಲೇಲಿ ಇಂಥದ್ದು ಹೇಗೆ ಬರುತ್ತೆ ಮೇಡಂ?” ತಲೆ ತಗ್ಗಿಸಿ ಆ ಹಾಳೆಯನ್ನು ಮುದ್ದೆ ಮಾಡಿದೆ.

ಮತ್ತೊಂದರಲ್ಲಿ ನಮ್ಮವನು ಸುತ್ತಿಗೆ ತಂದು ಚಪ್ಪಡಿ ಒಡೆಯುತ್ತಾನೆ. ಅವನನ್ನು ಕೇಳಿದೆ. “ಅದು ಚರಂಡಿ ಮೇಲಿನ ಕಲ್ಲು ಮೇಡಂ. ಒಡೆದ್ರೆ ಯಾರಾದ್ರೂ ಒಳಗೆ ಬೀಳ್ತಾರೆ” ಎಂದ.

ನಿಜಕ್ಕೂ ಉಳಿದಿರುವುದು ಒಂದು ಬೆಳಿಗ್ಗೆ ಮಾತ್ರ. ಆಯ್ಕೆ ಬೇರೆ ಊರಿನಲ್ಲಿ. ಓಟಗಾರರನ್ನು ಕರೆದೊಯ್ಯುವ ವ್ಯಾನು ಮನೆಯ ಮುಂದೆ ನಿಂತಿದೆ. ಫೈರ್‌ನವನು ಅದರ ಹಿಂಬಾಗಿಲು ತೆರೆದು ಬ್ಯಾಗುಗಳನ್ನು ಒಳಗಿಡುತ್ತಿದ್ದಾನೆ. ನಮ್ಮವನಿಗೆ ಇವತ್ತು ಡ್ಯೂಟಿ ಇದೆ. ರಜೆ ಕೇಳಿದ್ದರೆ ಸಿಗುತ್ತಿತ್ತು, ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಅವಳೂ ಕೇಳಲಿಲ್ಲ. ಅವನು ಮಂಡಿಯೂರಿ ಅವಳ ಶೂ ಲೇಸು ಕಟ್ಟುತ್ತಿದ್ದಾನೆ. ಅವಳಿಗೇ ಕಟ್ಟಿಕೊಳ್ಳಲು ಬರುತ್ತದೆ. ಆದರೂ ಕಾಲು ಮುಂದಿಟ್ಟು ಕೂತಿದ್ದಾಳೆ.

“ಬಿಗಿಯಾಯ್ತಾ?”

“ಸರಿ ಇದೆ.”

“ಬಿಸ್ಕತ್ತು ಬ್ಯಾಗಿನ ಸೈಡಲ್ಲಿದೆ. ಓಟಕ್ಕೆ ಮುಂಚೆ ತಿನ್ಬೇಡ.”

“ಹೂಂ.”

ವ್ಯಾನಿನ ಹಿಂಬಾಗಿಲು ದಢಾರೆಂದು ಮುಚ್ಚಿತು. ಅವಳು ಬಾಗಿ, ಅವನ ಕಿವಿಗೆ ಮಾತ್ರ ಕೇಳಿಸುವಂತೆ, ತೀರಾ ಸಾಧಾರಣ ದನಿಯಲ್ಲಿ ಕೇಳಿದಳು:

“ರೀ, ಅವನು ನೋಡೋಕೆ ಹೇಗಿದ್ದಾನೆ?”

ಅವನ ಬೆರಳು ಲೇಸಿನ ಗಂಟಿನ ಮೇಲೇ ನಿಂತಿತು. ತಲೆ ಎತ್ತಿ ತೆರೆದ ಬಾಗಿಲಿನಾಚೆ ನೋಡಿದ. ಫೈರ್‌ನವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಅವನು ಹೇಗಿದ್ದಾನೆ ಎನ್ನುವುದು ನನಗೆ ಗೊತ್ತು. ನಮ್ಮವನಿಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟೋ ಬೆಳಿಗ್ಗೆ ಬೆಂಚಿನ ಮೇಲೆ ಕೂತು ಬೇರೆ ಏನನ್ನೂ ನೋಡದೆ ಆ ಮುಖವನ್ನೇ ನೋಡಿದವನು.

ಅವನು ಉತ್ತರ ಕೊಟ್ಟ. ಒಂದೇ ಮಾತು. ನಾನು ಹತ್ತಿರದಲ್ಲೇ ಇದ್ದೆ, ಕೇಳಿಸಿತು.

ಅದನ್ನು ಇಲ್ಲಿ ಬರೆದರೆ ನೀವು ಏನು ಮಾಡುತ್ತೀರಿ ಎಂದು ಗೊತ್ತಿದೆ. ಚೆನ್ನಾಗಿದ್ದಾನೆ ಎಂದಿದ್ದರೆ ಪ್ರೀತಿ ಗೆದ್ದಿತು ಎನ್ನುತ್ತೀರಿ, ಸುಮಾರಾಗಿದ್ದಾನೆ ಎಂದಿದ್ದರೆ ಬುದ್ಧಿ ಹೋಗಲಿಲ್ಲ ನೋಡು ಎನ್ನುತ್ತೀರಿ. ಆ ಮಾತು ಕೇಳಿ ಅವಳು ಅವನ ಕೆನ್ನೆ ಚಿವುಟಿ ನಕ್ಕಳು. ಯಾವ ಉತ್ತರಕ್ಕೂ ಅದೇ ರೀತಿ ನಗುತ್ತಿದ್ದಳೇನೋ. ಅವನಿಗೂ ಗೊತ್ತಾಗಲಿಲ್ಲ. ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಹೊಸ್ತಿಲು ದಾಟಿದ್ದಳು.

ಡ್ರೈವರು ಹಾರ್ನ್ ಮಾಡಿದ. ನಮ್ಮವನು ಇನ್ನೂ ಮಂಡಿಯೂರಿಯೇ ಇದ್ದಾನೆ. ಏಳು ಮಾರಾಯ, ಕೈಯಾದರೂ ಬೀಸು ಎಂದು ನಾನು ಹೇಳಿದೆ.

“ಬೀಸಿದ್ರೆ ಅವಳಿಗೆ ಕಾಣಲ್ಲ ಮೇಡಂ” ಎಂದ. ಆಮೇಲೆ ಎದ್ದು ಬಾಗಿಲಿಗೆ ಹೋಗಿ ಬೀಸಿದ.